ಬೀಗ ಹೊರಗೆ ಇರುತ್ತದೆ

ರುಬೀನಾ ನನಗೆ ಹೇಳಿದ್ದಳು. ಅವಳು ಹೇಳಲೇ ಇಲ್ಲ ಎಂದು ನಾನು ಊರಿನವರ ಮುಂದೆ, ಅವಳ ತಾಯಿಯ ಮುಂದೆ, ಅವಳದೇ ಮುಖ ನೋಡಿಕೊಂಡು ಹೇಳಿದೆ. ಅದು ಸುಳ್ಳು. ಎಂಟು ವರ್ಷದ ಹುಡುಗಿ ನಾನೇ ಕಲಿಸಿದ ಅಕ್ಷರಗಳಲ್ಲಿ, ನಾನೇ ಹೇಳಿಕೊಟ್ಟ ಪದ್ಯದಲ್ಲಿ ಹೇಳಿದ್ದಳು. ನಾನು ಓದಿದೆ, ನನಗೆ ಅರ್ಥವೂ ಆಯಿತು, ಆಮೇಲೆ — ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು — ಅವಳ ಕೈಯಿಂದಲೇ ಅದನ್ನು ಒರೆಸಿ ಹಾಕಿಸಿದೆ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರು. ಆಗಿದ್ದೆ ಎನ್ನಬೇಕು, ನಿವೃತ್ತಿಯಾಗಿ ಹೆಚ್ಚು ದಿನವಾಗಿಲ್ಲ. ಹೊನ್ನಾಳಿಯಲ್ಲಿ ಹುಟ್ಟಿ, ಚನ್ನಗಿರಿಗೆ ಸೊಸೆಯಾಗಿ ಬಂದು, ಕೆರೆಬಿಳಚಿ ಕಡೆಗೆ ಹೋಗುವ ಬಸ್ಸಿನಲ್ಲಿ ಅರ್ಧ ಆಯುಷ್ಯವನ್ನು ನಿಂತುಕೊಂಡೇ ಕಳೆದವಳು. ನಾನಿದ್ದ ಊರಿನ ಹೆಸರು ಬೇಡ. ಮಕ್ಕಳು ನನ್ನ ಬೆನ್ನ ಹಿಂದೆ ಮೆಣಸಿನಕಾಯಿ ಮಿಸ್ ಎನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ಖಾರದ ಟೀಚರ ಕೈಯಲ್ಲಿ ಕಲಿತ ಮಕ್ಕಳು ಮುಂದೆ ಬರುತ್ತಾರೆ ಎಂದು ನಂಬಿದ್ದ ಕಾಲ ಅದು.

ಒಂದರಿಂದ ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕಡೆ ಕೂತು ಕಲಿಯುವ ನಲಿಕಲಿ ಕೋಣೆ ನನ್ನದು. ಅಲ್ಲಿ ಗೋಡೆಯ ಸುತ್ತ ಮಕ್ಕಳ ಎತ್ತರಕ್ಕೆ ಕಪ್ಪು ಬಣ್ಣ ಬಳಿದಿರುತ್ತಾರೆ. ಒಂದೊಂದು ಮಗುವಿಗೆ ಒಂದೊಂದು ಚೌಕ. ಅದೇ ಅವರ ಹಲಗೆ. ತಲೆಯ ಮೇಲೆ ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಮಕ್ಕಳು ಬರೆದದ್ದು, ಕತ್ತರಿಸಿ ಅಂಟಿಸಿದ್ದು ಎಲ್ಲವನ್ನೂ ನೇತುಹಾಕುತ್ತೇವೆ. ಅದಕ್ಕೆ ಚಪ್ಪರ ಎನ್ನುತ್ತೇವೆ. ಶಾಲೆಯ ತಪಾಸಣೆಗೆ ಸಾಹೇಬರು ಬಂದರೆ ಮೊದಲು ತಲೆ ಎತ್ತಿ ನೋಡುವುದು ಚಪ್ಪರವನ್ನೇ. ಹಾಗಾಗಿ ಚಪ್ಪರಕ್ಕೆ ಏರುವುದೆಲ್ಲ ಟೀಚರ ಕೈ ದಾಟಿಕೊಂಡೇ ಏರುತ್ತದೆ. ಮಗು ಗೋಡೆಯ ಮೇಲೆ ಬರೆಯುತ್ತದೆ, ಟೀಚರು ತಿದ್ದುತ್ತಾಳೆ, ಮಗು ಅದನ್ನು ನೋಡಿಕೊಂಡು ಬಣ್ಣದ ಕಾಗದದ ಮೇಲೆ ಅಂದವಾಗಿ ಬರೆಯುತ್ತದೆ, ಆಮೇಲೆ ಗೋಡೆ ಒರೆಸುತ್ತದೆ. ನಮ್ಮಲ್ಲಿ ಎಲ್ಲರೂ ಹೀಗೇ ಮಾಡುತ್ತೇವೆ, ಯಾರಿಗೂ ಇದು ತಪ್ಪು ಎನ್ನಿಸುವುದಿಲ್ಲ.

ಆ ವರ್ಷ ಹೊನ್ನಾಳಿಯ ಒಂದು ತರಬೇತಿಯಲ್ಲಿ ಹೊಸದೊಂದು ಕಲಿತು ಬಂದಿದ್ದೆ. ಮಗು ತನ್ನ ಹೆಸರಿನ ಅಕ್ಷರಗಳನ್ನು ಒಂದರ ಕೆಳಗೊಂದು ಬರೆಯಬೇಕು. ಒಂದೊಂದು ಅಕ್ಷರದಿಂದ ಒಂದೊಂದು ಸಾಲು ಹುಟ್ಟಬೇಕು. ಸಾಲುಗಳೆಲ್ಲ ತನ್ನ ಬಗ್ಗೆಯೇ ಇರಬೇಕು. ನಾನು ಅದನ್ನು ಹೆಸರು ಪದ್ಯ ಎಂದು ಕರೆದೆ. ಮಕ್ಕಳಿಗೆ ಹುಚ್ಚೇ ಹಿಡಿಯಿತು. ಮನು ಎಂಬ ಪೋರ ‘ಮನೆಯಲ್ಲಿ ನಾನೇ ಸಣ್ಣವನು, ನುಗ್ಗೆಕಾಯಿ ಕಂಡರೆ ಓಡುವೆನು’ ಎಂದು ಬರೆದು ತಾನೇ ಬಿದ್ದು ಬಿದ್ದು ನಕ್ಕ. ಸುಮಾ ಎಂಬುವಳು ‘ಸುಮ್ಮನೆ ಕೂರು ಅಂತಾರೆ ಮಿಸ್ಸು, ಮಾತು ಬರುತ್ತೆ ನಾನೇನು ಮಾಡಲಿ’ ಎಂದು ಬರೆದು, ನಾನು ಗದರುತ್ತೇನೇನೋ ಎಂದು ಓರೆಗಣ್ಣಲ್ಲಿ ನೋಡಿದಳು. ನಾನು ನಕ್ಕುಬಿಟ್ಟೆ. ಅಷ್ಟು ವರ್ಷ ಪಾಠ ಮಾಡಿ, ಮಕ್ಕಳು ಏನಾದರೂ ಹೇಳುವುದನ್ನು ಅವತ್ತು ಮೊದಲ ಸಲ ಕೇಳಿದೆನೇನೋ ಎನ್ನಿಸಿತು. ಅದು ಹೌದು, ಆ ದಿನದ ಖುಷಿಯಲ್ಲಿ ಕಪಟವಿರಲಿಲ್ಲ.

ರುಬೀನಾ ಮೂರನೆಯ ತರಗತಿ. ಮನೆಯಲ್ಲಿ ಉರ್ದು ಮಾತು, ಶಾಲೆಯಲ್ಲಿ ಕನ್ನಡ. ಮಾತಾಡುವಾಗ ತಡವರಿಸುತ್ತಿದ್ದಳು, ಬರೆಯುವಾಗ ತಡವರಿಸುತ್ತಿರಲಿಲ್ಲ. ದುಂಡನೆಯ ಅಕ್ಷರ. ಆದರೆ ದಸರೆಯ ರಜೆ ಮುಗಿದ ಮೇಲೆ ಅವಳು ಶಾಲೆಗೆ ಬರುವುದೇ ಅಪರೂಪವಾಗಿತ್ತು. ಬಂದ ದಿನ ಎಲ್ಲರಿಗಿಂತ ಮೊದಲು ಬರುತ್ತಿದ್ದಳು, ಎಲ್ಲರಿಗಿಂತ ತಡವಾಗಿ ಹೋಗುತ್ತಿದ್ದಳು. ಹೆಸರು ಪದ್ಯದ ದಿನ ಬಂದಿದ್ದಳು. ಎಲ್ಲರೂ ಬರೆಯಲು ಶುರು ಮಾಡಿದ ಮೇಲೆ ನನ್ನ ಹತ್ತಿರ ಬಂದು ಸೀರೆಯ ಅಂಚು ಹಿಡಿದು ಕೇಳಿದಳು.

"ನಿಜಾನೇ ಬರೀಬೇಕಾ ಮಿಸ್?"

ಮತ್ತಿನ್ನೇನು, ನಿನ್ನ ಪದ್ಯದಲ್ಲಿ ನಿಜಾನೇ ಬರಿ ಎಂದೆ. ಅವಳು ಹೋಗಿ ಗೋಡೆಯ ಕಡೆ ತಿರುಗಿ ಕೂತಳು. ಮಿಕ್ಕವರು ಪಕ್ಕದವರಿಗೆ ತೋರಿಸಿ ತೋರಿಸಿ ಬರೆಯುತ್ತಿದ್ದರೆ ಅವಳು ಬೆನ್ನಿನಿಂದ ಮರೆಮಾಡಿಕೊಂಡು ಬರೆದಳು. ಮುಗಿದ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದಳು, ನನಗೆ ಮಾತ್ರ ಕಾಣುವ ಹಾಗೆ.

ರುಬ್ಬೋ ಕಲ್ಲು ಹತ್ತಿದರೆ ದಾರಿ ಕಾಣುತ್ತದೆ
ಬೀಗ ಹೊರಗೆ ಇರುತ್ತದೆ
ನಾನು ತಮ್ಮ ಒಳಗೆ ಇರುತ್ತೇವೆ

ಇಷ್ಟೇ. ರು, ಬೀ, ನಾ. ಇಷ್ಟು ವರ್ಷ ಈ ಮೂರು ಸಾಲನ್ನು ನಾನು ಮನಸ್ಸಿನಲ್ಲಿ ಹೀಗೇ ಇಟ್ಟುಕೊಂಡಿದ್ದೆ.

ಇದರ ಅರ್ಥ ನಿಮಗೆ ತಿಳಿಯಬೇಕಾದರೆ ಆ ಊರಿನ ಅಡಿಕೆ ಸುಲಿಯುವ ಕಾಲವನ್ನು ಹೇಳಬೇಕು. ಆ ತಿಂಗಳುಗಳಲ್ಲಿ ಬೆಳಕು ಹರಿಯುವ ಮುಂಚೆಯೇ ಲಗೇಜ್ ಆಟೋ ಬರುತ್ತದೆ. ಹೆಂಗಸರು ಬುತ್ತಿ ಕಟ್ಟಿಕೊಂಡು, ಕತ್ತಿ ಹಿಡಿದುಕೊಂಡು ಹತ್ತುತ್ತಾರೆ. ವಾಪಸ್ಸು ಬರುವುದು ಕತ್ತಲಾದ ಮೇಲೆ. ಬಸ್ಸಿಳಿದು ಶಾಲೆಗೆ ನಡೆಯುವಾಗ ರುಬೀನಾಳ ಕೇರಿಯ ಸಾಲು ಸಾಲು ಬಾಗಿಲಿಗೆ ಬೀಗ ಬಿದ್ದಿರುವುದನ್ನು ವರ್ಷಾ ವರ್ಷ ನೋಡಿದ್ದೇನೆ. ಬೀಗ ಬಿದ್ದ ಮನೆ ಎಂದರೆ ಖಾಲಿ ಮನೆ ಎಂದುಕೊಂಡಿದ್ದೆ. ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಾರೆ. ಆ ಗೋಡೆಯ ಮುಂದೆ ಬಗ್ಗಿ ನಿಂತಾಗ ಮೊದಲ ಸಲ ಗೊತ್ತಾಯಿತು — ಆ ಮನೆಗಳಲ್ಲಿ ಮಕ್ಕಳಿದ್ದವು. ಕೇರಿಯ ಹಿಂದೆಯೇ ಭದ್ರಾ ನಾಲೆ. ಹಿಂದಿನ ವರ್ಷ ಅಲ್ಲಿ ಒಂದು ಕೂಸು ಕಾಲು ಜಾರಿ ಹೋಗಿತ್ತು. ಅದಾದ ಮೇಲೆ ತಾಯಂದಿರು ಸಣ್ಣವನ್ನು ದೊಡ್ಡವರ ಕೈಗೆ ಕೊಟ್ಟು, ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದರು. ದೊಡ್ಡವಳು ಎಂದರೆ ರುಬೀನಾ; ತಾಯಿಗೆ ಕೆಲಸವಿಲ್ಲದ ದಿನ ಮಾತ್ರ ಅವಳಿಗೆ ಶಾಲೆ. ತಮ್ಮ ಸಮೀರನಿಗೆ ಆಗಿನ್ನೂ ಎರಡು ತುಂಬಿರಲಿಲ್ಲ.

ನನಗೆ ಇದೆಲ್ಲ ಆ ಕ್ಷಣಕ್ಕೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಯಾರೂ ಸಾಬೀತು ಮಾಡಲಾರರು. ಆದರೆ ಆಯಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು — ಸೋಮವಾರ ಸಾಹೇಬರು ಬರುತ್ತಾರೆ. ಹೆಸರು ಪದ್ಯ ಎಂಬುದನ್ನು ಈ ತಾಲ್ಲೂಕಿನಲ್ಲಿ ಮೊದಲು ಮಾಡಿದವಳು ನಾನು ಎಂದು ಅವರಿಗೆ ಆಗಲೇ ಫೋನಿನಲ್ಲಿ ಹೇಳಿಯಾಗಿತ್ತು. ಇಂಥದ್ದು ಚಪ್ಪರಕ್ಕೆ ಏರಿದರೆ ಪ್ರಶ್ನೆ ಬರುತ್ತದೆ. ಪ್ರಶ್ನೆ ಬಂದರೆ ಊರಿನವರು ಸಿಟ್ಟಾಗುತ್ತಾರೆ, ಆ ತಾಯಿಯ ಮಾನ ಹೋಗುತ್ತದೆ... ಎಂದೆಲ್ಲ ಅಂದುಕೊಂಡೆ. ತಾಯಿಯ ಮಾನವಂತೆ. ನನಗೆ ಬೇಕಾಗಿದ್ದದ್ದು ನನ್ನ ಚಪ್ಪರ.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವತ್ತು ನನ್ನ ದನಿಯಲ್ಲಿ ಖಾರವಿರಲಿಲ್ಲ, ಬೆಲ್ಲದ ಹಾಗೆ ಮಾತಾಡಿದೆ. ಅಮ್ಮ ಒಳ್ಳೆ ಅಡುಗೆ ಮಾಡ್ತಾಳಲ್ವಾ, ಅದನ್ನು ಬರೆಯೋಣ ಎಂದೆ. ಗಾಳಿ, ಹೂವು, ನಗು ಎಂದೆ. ದೊಡ್ಡವಳಾದ ಮೇಲೆ ನಾಡಿಗೆ ಹೆಸರು ತರ್ತೀಯಲ್ವಾ ಎಂದೆ. ಅವಳು ಗೋಡೆಯ ಮೇಲಿನ ತನ್ನ ಸಾಲುಗಳನ್ನು ನೋಡುತ್ತಾ ಕೇಳಿದಳು.

"ಬೀಗ ತಪ್ಪಾ ಮಿಸ್?"

"ತಪ್ಪಲ್ಲ ಮಗಳೇ. ಚೆಂದ ಇಲ್ಲ."

ಈ ಮಾತು ನನ್ನದು. ಇಂಥ ಮಾತು ಎಷ್ಟು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ — ಆದರೆ ಇದೊಂದು ನನ್ನನ್ನು ಬಿಟ್ಟು ಹೋಗಿಲ್ಲ. ಅವಳು ಎದ್ದು ಹೋಗಿ, ಒರೆಸುವ ಬಟ್ಟೆ ಬೇರೆಯವರ ಹತ್ತಿರ ಇದ್ದುದರಿಂದ, ಅಂಗೈಯಿಂದಲೇ ಒರೆಸಿದಳು. ಮೇಲಿನಿಂದ ಕೆಳಕ್ಕೆ. ಆಮೇಲೆ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು, ಗುಲಾಬಿ ಬಣ್ಣದ ಕಾಗದದ ಮೇಲೆ ನಾನು ಹೇಳಿದ್ದನ್ನು ದುಂಡಗೆ ಬರೆದಳು.

ರುಚಿ ರುಚಿ ಅಡುಗೆ ಅಮ್ಮ ಮಾಡುವಳು
ಬೀಸುವ ಗಾಳಿಗೆ ಹೂವಂತೆ ನಗುವೆನು
ನಾಡಿಗೆ ಒಳ್ಳೆಯ ಹೆಸರು ತರುವೆನು

ಅವಳು ತಾಯಿಯನ್ನು ಅಮ್ಮ ಎಂದು ಕರೆಯುತ್ತಿರಲಿಲ್ಲ, ಅಮ್ಮಿ ಎನ್ನುತ್ತಿದ್ದಳು. ಅದನ್ನೂ ನಾನು ತಿದ್ದಿದ್ದೆ ನೋಡಿ.

ಸೋಮವಾರ ಸಾಹೇಬರು ಬಂದರು. ತಲೆ ಎತ್ತಿ ನೋಡಿದರು. ಎಲ್ಲ ಬಿಟ್ಟು ಗುಲಾಬಿ ಕಾಗದವನ್ನೇ ಹಿಡಿದು, ಈ ಮಗು ಯಾರು ಎಂದರು. ಅದೃಷ್ಟವೋ ಏನೋ, ರುಬೀನಾ ಅವತ್ತು ಬಂದಿದ್ದಳು. ಓದಿದಳು. ಮನೆ ಮಾತು ಉರ್ದುವಾದ ಮಗು ಇಷ್ಟು ಚೆನ್ನಾಗಿ ಬರೆದಿದೆ ಎಂದು ಸಾಹೇಬರು ಚಪ್ಪಾಳೆ ಹೊಡೆಸಿದರು, ಫೋಟೋ ತೆಗೆಸಿಕೊಂಡರು, ನೀವು ಬೇರೆ ಶಾಲೆಯವರಿಗೂ ಇದನ್ನು ಕಲಿಸಬೇಕು ಮೇಡಂ ಎಂದರು. ನನಗೆ ಕೊಂಬು ಬಂದವು. ಚಪ್ಪಾಳೆಯ ಮಧ್ಯೆ ರುಬೀನಾ ಫೋಟೋದವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡುತ್ತಿದ್ದಳು. ಆಗ ಅದನ್ನು ಕೃತಜ್ಞತೆ ಎಂದುಕೊಂಡೆ.

ಬೀಗದ ವಿಷಯ ಏನು ಮಾಡಿದೆ ಎಂದು ನೀವು ಕೇಳಬಹುದು. ಏನೂ ಮಾಡಲಿಲ್ಲ. ಅವಳ ತಾಯಿ ಶಮೀಮಾಳನ್ನು ಕಂಡು ಮಾತಾಡಬೇಕು ಎಂದುಕೊಂಡೆ. ಅವಳು ಮನೆಗೆ ಬರುವ ಹೊತ್ತಿಗೆ ನನ್ನ ಬಸ್ಸು ಚನ್ನಗಿರಿ ಸೇರಿರುತ್ತಿತ್ತು. ಅಂಗನವಾಡಿಯವರಿಗೆ ಹೇಳಿ ಆ ಸಣ್ಣ ಕೂಸನ್ನಾದರೂ ಅಲ್ಲಿ ಕೂರಿಸಬಹುದಿತ್ತು, ರುಬೀನಾಳ ಜೊತೆ ಅವನನ್ನೂ ನನ್ನ ಕೋಣೆಗೇ ಕರೆಸಿಕೊಳ್ಳಬಹುದಿತ್ತು. ಇದ್ಯಾವುದೂ ಕಷ್ಟದ ಕೆಲಸವಲ್ಲ. ಅಡಿಕೆ ಕಾಲ ಮುಗಿದರೆ ತಾನಾಗಿ ಸರಿಹೋಗುತ್ತದೆ ಎಂದುಕೊಂಡೆ.

ಒಂದು ಸಂಜೆ ಶಾಲೆ ಬಿಟ್ಟು ಬಸ್ಸಿಗೆ ಹೋಗುತ್ತಿದ್ದೆ. ಆ ಕೇರಿಯ ಒಂದು ಕಿಟಕಿಯಿಂದ "ಮಿಸ್" ಎಂದು ಕೇಳಿಸಿತು. ಸರಳುಗಳ ಹಿಂದೆ ರುಬೀನಾಳ ಮುಖ. ರುಬ್ಬೋ ಕಲ್ಲಿನ ಮೇಲೆ ನಿಂತಿದ್ದಾಳೆ ಎಂದು ನನಗೆ ಗೊತ್ತಾಯಿತು. ಒಳಗೆ ಕೂಸು ಅಳುವುದು ಕೇಳುತ್ತಿತ್ತು. ಅತ್ತ ತಿರುವಿನಲ್ಲಿ ಬಸ್ಸಿನ ಹಾರನ್ನು. ನಾನು ಕೈ ಎತ್ತಿ ಟಾಟಾ ಮಾಡಿದೆ. ಅವಳೂ ಸರಳಿನ ಸಂದಿಯಿಂದ ಕೈ ಹಾಕಿ ಟಾಟಾ ಮಾಡಿದಳು. ನಾನು ಓಡಿಹೋಗಿ ಬಸ್ಸು ಹತ್ತಿದೆ, ಸೀಟೂ ಸಿಕ್ಕಿತು.

ಅದಾಗಿ ಕೆಲವೇ ದಿನಕ್ಕೆ ನಡೆಯಿತು ಅದು. ಮಧ್ಯಾಹ್ನ ಊಟದ ಹೊತ್ತು. ಬಿಸಿಯೂಟದ ಅಡುಗೆಯವಳು ಓಡಿ ಬಂದು, ಕೇರಿಯಲ್ಲಿ ಮಕ್ಕಳು ಕಿರುಚುತ್ತಿದ್ದಾವೆ ಎಂದಳು. ನಾವು ಹೋಗುವಷ್ಟರಲ್ಲಿ ಬಾಗಿಲ ಮುಂದೆ ಜನ. ಬೀಗದ ಕೈ ಪಕ್ಕದ ಮನೆಯವಳ ಹತ್ತಿರ ಇರುತ್ತಿತ್ತು. ಅವತ್ತು ಅವಳೂ ಸುಲಿಯಲು ಹೋಗಿದ್ದಳು. ಗ್ಯಾರೇಜಿನವರು ಬಂದು ಬೀಗ ಒಡೆಯುವವರೆಗೆ ನಾವೆಲ್ಲ ಹೊರಗೆ ನಿಂತು ಕೇಳಿಸಿಕೊಂಡೆವು. ರುಬೀನಾ ಅನ್ನಕ್ಕೆ ನೀರಿಟ್ಟಿದ್ದಳು. ಸಮೀರ ಪಾತ್ರೆ ಎಳೆದುಕೊಂಡಿದ್ದ. ಅವನನ್ನು ಚನ್ನಗಿರಿಗೆ, ಅಲ್ಲಿಂದ ದಾವಣಗೆರೆಗೆ ಸಾಗಿಸಿದರು. ಜೀವ ಉಳಿಯಿತು. ಬಲಗೈ ಬೆರಳುಗಳು ಒಂದಕ್ಕೊಂದು ಕೂಡಿಕೊಂಡು ಹಾಗೇ ಉಳಿದವು.

ಮಗು ಆಸ್ಪತ್ರೆಯಲ್ಲಿ ಇರುವಾಗಲೇ ಊರಿನವರು ಸಭೆ ಸೇರಿದರು. ಸಭೆ ಎಂದರೆ ಶಾಲೆಯಲ್ಲಿ ನನ್ನ ಕೋಣೆಯೇ, ಅದೇ ದೊಡ್ಡದು. ಶಮೀಮಾಳನ್ನು ಆಸ್ಪತ್ರೆಯಿಂದ ಕರೆಸಿ ನಡುವೆ ನಿಲ್ಲಿಸಿದ್ದರು. ಗಂಡ ಲಾರಿಯ ಮೇಲೆ ಎಲ್ಲೋ ದೂರ ಹೋಗಿದ್ದ. ಎಂಥ ತಾಯಿಯಮ್ಮಾ ನೀನು ಎಂದು ಒಬ್ಬರು, ದನದ ಹಾಗೆ ಕೂಡಿಹಾಕಿದ್ದೀಯಲ್ಲ ಎಂದು ಇನ್ನೊಬ್ಬರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೇಳಿಸಿಕೊಂಡಳು. ಕೊನೆಗೆ ಹೇಳಿದಳು:

"ಬೀಗ ಹಾಕ್ದೆ ಹೋದ್ರೆ ನಾಲೆಗೆ ಹೋಗ್ತಾನ್ರೀ. ಹೋದ ವರ್ಷ ಒಂದು ಕೂಸು ಹೋತಲ್ರೀ. ದುಡಿಯಾಕೆ ಹೋಗ್ದೆ ನಾನು ಹೆಂಗೆ ಸಾಕ್ಬೇಕು ಇವ್ರನ್ನ?"

ಆಗ ಶಾಲೆಯ ಸಮಿತಿಯ ಅಧ್ಯಕ್ಷರು ನನ್ನ ಕಡೆ ತಿರುಗಿದರು. ಹುಡುಗಿ ವಾರಗಟ್ಟಲೆ ಬರ್ತಿಲ್ಲ ಅಂದ್ಮೇಲೆ ನೀವು ವಿಚಾರಿಸಬೇಕಿತ್ತಲ್ಲ ಮೇಡಂ, ನಿಮಗೆ ಗೊತ್ತಿರಲಿಲ್ಲವಾ ಎಂದು ಕೇಳಿದರು. ಕೋಣೆಯಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ನನ್ನ ತಲೆಯ ಮೇಲೆ, ಫ್ಯಾನಿನ ಗಾಳಿಗೆ, ಆ ಗುಲಾಬಿ ಕಾಗದ ಅಲ್ಲಾಡುತ್ತಿತ್ತು.

ನಾನು ಹೇಳಿದ ಮಾತು ಇದು. ಒಂದಕ್ಷರ ಬಿಡದೆ ಬರೆಯುತ್ತೇನೆ.

"ನಮಗೆ ಹೆಂಗೆ ಗೊತ್ತಾಗ್ಬೇಕು? ಇವಳು ಬಾಯಿ ಬಿಟ್ರೆ ತಾನೆ? ಯಾಕೆ ರುಬೀನಾ, ನನಗೆ ಒಂದು ಮಾತು ಹೇಳಾಕೆ ಏನಾಗಿತ್ತು ನಿನಗೆ?"

ಮೂಲೆಯಲ್ಲಿ, ತನ್ನ ಚೌಕದ ಮುಂದೆಯೇ ನಿಂತಿದ್ದಳು. ನನ್ನನ್ನು ನೋಡಿದಳು. ಅವಳು ಬಾಯಿ ತೆರೆದರೆ ನನ್ನ ಕಥೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಅವಳಿಗೂ — ಎಂಟು ವರ್ಷದವಳಿಗೂ — ಅದು ಗೊತ್ತಾಯಿತು ಎಂದು ನಾನು ಇವತ್ತಿಗೂ ನಂಬಿದ್ದೇನೆ.

"ಹೇಳಾಕೆ ಮರ್ತೆ, ಮಿಸ್."

ಶಮೀಮಾ ಎರಡೇ ಹೆಜ್ಜೆಯಲ್ಲಿ ಹೋಗಿ ಅವಳ ಕೆನ್ನೆಗೆ ಬಾರಿಸಿದಳು. ಮಿಸ್‌ಗೆ ಹೇಳಿದ್ರೆ ಆಗ್ತಿತ್ತಲ್ಲೇ, ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೇ ಎಂದು ಅಳುತ್ತಾ ಮತ್ತೆ ಮತ್ತೆ ಹೊಡೆದಳು. ಅಷ್ಟು ಹೊತ್ತು ಎಲ್ಲರ ಬೈಗುಳವೂ ಅವಳ ಮೇಲಿತ್ತು, ಅದನ್ನು ಇಳಿಸಲು ಅವಳಿಗೂ ಒಂದು ಜಾಗ ಬೇಕಾಗಿತ್ತು. ಆ ಜಾಗವನ್ನು ನಾನು ಬೆರಳು ಮಾಡಿ ತೋರಿಸಿಕೊಟ್ಟಿದ್ದೆ. ನಾನು ನಡುವೆ ಹೋಗಿ ಆ ಕೈ ಹಿಡಿಯಬಹುದಿತ್ತು. ಹೋಗಲಿಲ್ಲ. ಬೇರೆ ಹೆಂಗಸರು ಬಿಡಿಸಿದರು.

ಆ ಬೇಸಿಗೆಯಲ್ಲಿ ಅವರು ಊರು ಬಿಟ್ಟು ನ್ಯಾಮತಿಗೆ, ಶಮೀಮಾಳ ತವರಿಗೆ ಹೋದರು. ರುಬೀನಾ ವರ್ಗಾವಣೆ ಪತ್ರಕ್ಕೆ ಬಂದ ದಿನ ನಾನು ರಜೆ ಹಾಕಿದ್ದೆ. ಬರುತ್ತಾಳೆಂದು ಗೊತ್ತಿದ್ದೇ ಹಾಕಿದ್ದೆ.

ಇಷ್ಟಕ್ಕೆ ನಿಲ್ಲಿಸಿದ್ದರೂ ಒಂದು ಮಾತು. ಆದರೆ ಸಾಹೇಬರು ಹೇಳಿದ ಹಾಗೇ ನಾನು ಬೇರೆ ಶಾಲೆಯವರಿಗೆ ಕಲಿಸುವವಳಾದೆ. ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ತರಬೇತಿಗಳಿಗೆ ಕರೆದರು. ಹೋದ ಕಡೆಯಲ್ಲೆಲ್ಲ ಉದಾಹರಣೆಗೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ಆ ಗುಲಾಬಿ ಕಾಗದದ ಪದ್ಯವನ್ನೇ. ಅಲ್ಪಸಂಖ್ಯಾತರ ಮಗು, ಕೂಲಿಯವರ ಮಗು, ಮೂರನೆಯ ತರಗತಿ, ಸ್ವಂತ ರಚನೆ ಎನ್ನುತ್ತಿದ್ದೆ. ಟೀಚರುಗಳು ಬರೆದುಕೊಳ್ಳುತ್ತಿದ್ದರು. ಹೀಗೆ ಎಷ್ಟು ಚಪ್ಪರಗಳಲ್ಲಿ ಆ ಸುಳ್ಳು ತೂಗುತ್ತಿದೆಯೋ ನನಗೆ ತಿಳಿಯದು. ಹೇಳಿ ಹೇಳಿ ನನಗೇ ಅದು ಅವಳದೇ ಎನ್ನಿಸತೊಡಗಿತ್ತು.

ಮೊನ್ನೆ ಮೊನ್ನೆ, ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ, ಒಬ್ಬ ಹೆಂಗಸು ನನ್ನ ಎದುರಿಗೆ ಬಂದು ನಿಂತು ಮೇಡಂ ಅಲ್ವೇನ್ರೀ ಎಂದಳು. ಶಮೀಮಾ. ನನಗೆ ಗುರುತೇ ಸಿಗಲಿಲ್ಲ, ಅವಳಿಗೆ ಸಿಕ್ಕಿತ್ತು. ಕೈ ಹಿಡಿದುಕೊಂಡು ಮನೆಯವಳ ಹಾಗೆ ಮಾತಾಡಿದಳು. ರುಬೀನಾ ನ್ಯಾಮತಿಯಲ್ಲಿ ಹೊಲಿಗೆ ಕಲಿಸುತ್ತಾಳಂತೆ, ಸಮೀರ ಎಡಗೈಯಲ್ಲಿ ಬರೆದು ಹೈಸ್ಕೂಲಿಗೆ ಹೋಗುತ್ತಾನಂತೆ. ರುಬೀನಾಳಿಗೆ ಗಂಡು ಗೊತ್ತಾಗಿದೆಯಂತೆ, ನೀವು ಬರಬೇಕು ಎಂದು ಮನೆಯ ಗುರುತು ಹೇಳಿದಳು. ಆಮೇಲೆ, ಏನನ್ನೋ ನೆನೆದು, ದನಿ ತಗ್ಗಿಸಿದಳು.

"ಅವತ್ತು ಅವಳು ನಿಮ್ಗೆ ಒಂದು ಮಾತು ಹೇಳಿದ್ರೆ ನನ್ ಮಗನ ಕೈ ಉಳೀತಿತ್ತು ಅಂತ ಈಗ್ಲೂ ಅನ್ನಿಸ್ತೈತೆ ಮೇಡಂ. ಸಿಟ್ಟು ಬಂದಾಗ ಅವಳಿಗೆ ಅಂದುಬಿಡ್ತೀನಿ. ಅವಳು ಸುಮ್ನಿರ್ತಾಳೆ."

ಈಗಲೂ. ಇಷ್ಟು ವರ್ಷವಾದ ಮೇಲೂ. ಒಂದು ದಿನದ ಏಟು ಎಂದುಕೊಂಡಿದ್ದೆ ನಾನು. ಅದು ಒಂದು ದಿನದ್ದಾಗಿರಲಿಲ್ಲ. ಆ ಮನೆಯಲ್ಲಿ ಸಿಟ್ಟು ಬಂದಾಗಲೆಲ್ಲ ನನ್ನ ಸುಳ್ಳು ಎದ್ದು ಬರುತ್ತಿತ್ತು, ಅವಳು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದಳು. ಅಲ್ಲೇ ಹೇಳಬೇಕಿತ್ತು. ಬಾಯಿಯವರೆಗೆ ಬಂತು. ಅಷ್ಟರಲ್ಲಿ ನ್ಯಾಮತಿಯ ಬಸ್ಸು ಬಂತು, ಶಮೀಮಾ ಹತ್ತಿದಳು, ಕಿಟಕಿಯಿಂದ ಕೈ ಆಡಿಸಿದಳು. ನಾನೂ ಕೈ ಎತ್ತಿ ಟಾಟಾ ಮಾಡಿದೆ. ಕೈ ಮೇಲಿರುವಾಗಲೇ ಇನ್ನೊಂದು ಕಿಟಕಿ ನೆನಪಾಗಿ, ಅಲ್ಲೇ ಬೆಂಚಿನ ಮೇಲೆ ಕೂತೆ.

ಮರುದಿನವೇ ನ್ಯಾಮತಿಗೆ ಹೋದೆ. ಯೋಚನೆ ಮಾಡಲು ಕೂತರೆ ಹೋಗುವುದಿಲ್ಲ ಎಂದು ನನ್ನ ಬುದ್ಧಿ ನನಗೆ ಗೊತ್ತಿತ್ತು. ಬಾಗಿಲು ತೆರೆದವಳು ರುಬೀನಾಳೇ. ಎತ್ತರವಾಗಿದ್ದಾಳೆ, ಕೊರಳಲ್ಲಿ ಹೊಲಿಗೆಯ ಟೇಪು ಹಾಕಿಕೊಂಡಿದ್ದಳು. ಮಿಸ್ ಎಂದಳು, ಅಷ್ಟೇ. ಒಳಗೆ ಕೂರಿಸಿದರು. ಚಹಾ ತರಲು ಎದ್ದ ಶಮೀಮಾಳನ್ನು ತಡೆದು, ಮೊದಲು ಹೇಳಿಬಿಡುತ್ತೇನೆ, ಆಮೇಲೆ ಚಹಾ ಕೊಡಬೇಕೆನ್ನಿಸಿದರೆ ಕೊಡಿ ಎಂದೆ. ಹೇಳಿದೆ. ಗೋಡೆ, ಪದ್ಯ, ಅಂಗೈ, ಸಾಹೇಬರು, ಕಿಟಕಿ — ಎಲ್ಲವನ್ನೂ. ಅವಳು ಹೇಳಿದ್ದಳು ಶಮೀಮಾ, ನಿನ್ನ ಮಗಳು ಹೇಳಿದ್ದಳು, ಸುಳ್ಳು ಹೇಳಿದವಳು ನಾನು ಎಂದೆ.

ಶಮೀಮಾ ಮಗಳ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಕೇಳಿದಳು; ಹೌದಾ ಎಂದಿರಬೇಕು. ರುಬೀನಾ ತಲೆಯಾಡಿಸಿದಳು. ಹಾಗಾದರೆ ಅವತ್ತು ‘ಮರೆತೆ’ ಎಂದು ಯಾಕೆ ಅಂದೆ ಎಂದು ತಾಯಿ ಕನ್ನಡದಲ್ಲಿಯೇ, ನನಗೂ ಕೇಳುವ ಹಾಗೆ, ಕೇಳಿದಳು. ಎಲ್ಲರೂ ಮಿಸ್‌ಗೆ ಬೈಯಾಕೆ ನಿಂತಿದ್ರಲ್ಲ ಎಂದಳು ರುಬೀನಾ. ಬಟ್ಟೆಯ ತುಂಡೊಂದನ್ನು ಮಡಿಸುತ್ತಾ ಹೇಳಿದಳು, ದೊಡ್ಡ ಮಾತು ಎನ್ನುವ ಹಾಗೆ ಹೇಳಲಿಲ್ಲ.

ಆಗ ಶಮೀಮಾ ನನ್ನ ಕಡೆ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದೇ ಹೋಗಿದ್ದೆ.

"ನನ್ ಕೈಲೆ ಹೊಡೆಸಿದ್ರಲ್ರೀ," ಎಂದಳು.

ಏನಾದರೂ ಹೇಳಬೇಕೆಂದು, ಆ ಪದ್ಯವನ್ನು ನಾನು ಒಂದು ದಿನವೂ ಮರೆತಿಲ್ಲ ಎಂದು — ಅದೂ ಒಂದು ಜಂಭವೇ — ಆ ಮೂರು ಸಾಲುಗಳನ್ನು ಬಾಯಿಪಾಠ ಹೇಳಿದೆ. ರುಬ್ಬೋ ಕಲ್ಲು ಹತ್ತಿದರೆ ದಾರಿ ಕಾಣುತ್ತದೆ. ಬೀಗ ಹೊರಗೆ ಇರುತ್ತದೆ. ನಾನು ತಮ್ಮ ಒಳಗೆ ಇರುತ್ತೇವೆ. ರುಬೀನಾ ಮಡಿಸುವುದನ್ನು ನಿಲ್ಲಿಸಿದಳು.

"ಕೊನೇ ಸಾಲು ಅದಲ್ಲ ಮಿಸ್."

ಏನಿತ್ತು ಎಂದು ಕೇಳಿದೆ. ಅವಳು ಹೇಳಲೋ ಬೇಡವೋ ಎನ್ನುವ ಹಾಗೆ ತಾಯಿಯನ್ನು ನೋಡಿ, ಆಮೇಲೆ ಹೇಳಿದಳು.

"ನಾನು ಮಿಸ್ ಬರೋದು ನೋಡ್ತೀನಿ. ಹಂಗೆ ಬರ್ದಿದ್ದೆ."

ನನಗೆ ನೆನಪಿಲ್ಲ. ಎಷ್ಟು ಕಣ್ಣು ಮುಚ್ಚಿ ಕೂತರೂ ಆ ಗೋಡೆಯ ಮೇಲೆ ಆ ಸಾಲು ಕಾಣುವುದಿಲ್ಲ, ನನ್ನ ಸಾಲೇ ಕಾಣುತ್ತದೆ. ಯಾವಾಗ ತಿದ್ದಿದೆನೋ, ಯಾವ ವರ್ಷ, ಯಾವ ತರಬೇತಿಗೆ ಹೋಗುವ ಬಸ್ಸಿನಲ್ಲಿ... ಆದರೆ ಅವಳು ಹೇಳಿದ್ದೇ ಸರಿ. ಬೆಳಗ್ಗೆ ಬಸ್ಸಿಳಿದು ಆ ಕೇರಿಯ ಮುಂದೆಯೇ ನಾನು ನಡೆದು ಬರುತ್ತಿದ್ದೆ, ಸಂಜೆ ಅದೇ ದಾರಿಯಲ್ಲಿ ಹೋಗುತ್ತಿದ್ದೆ. ರುಬ್ಬೋ ಕಲ್ಲು ಹತ್ತಿ ಅವಳು ನೋಡುತ್ತಿದ್ದದ್ದು ನನ್ನನ್ನು. ಅವಳ ಪದ್ಯದಲ್ಲಿ ನಾನಿದ್ದೆ, ನನ್ನನ್ನು ಕರೆದಿದ್ದಳು. ಅದಕ್ಕೇ ನಿಜಾನೇ ಬರೀಬೇಕಾ ಎಂದು ಕೇಳಿದ್ದಳು.

ಚಹಾ ಕೊಟ್ಟರು. ಕುಡಿದೆ. ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದರೆ ಆ ಹುಡುಗಿ ಮತ್ತೆ ನನ್ನನ್ನು ಉಳಿಸಲು ಆಯಿತು ಮಿಸ್ ಎನ್ನುತ್ತಿದ್ದಳು. ಹೊರಡುವಾಗ ಶಮೀಮಾ ಎದ್ದು ಬರಲಿಲ್ಲ. ಅವಳು ಮಗಳ ಪಕ್ಕಕ್ಕೆ ಸರಿದು ಕೂತು, ಅವಳ ಕೆನ್ನೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದೆ. ಬಾಗಿಲು ತೆರೆದೇ ಇತ್ತು. ಅಲ್ಲಿ ನನ್ನನ್ನು ನೋಡುತ್ತಾ ಯಾರೂ ನಿಂತಿರಲಿಲ್ಲ.

ಜಗಳೂರಿನಲ್ಲಿ ಹೊಸ ಟೀಚರುಗಳಿಗೆ ಹೆಸರು ಪದ್ಯ ಹೇಳಿಕೊಡಲು ಮತ್ತೆ ಕರೆದಿದ್ದಾರೆ. ನಿವೃತ್ತಳಾದರೂ ನೀವೇ ಬರಬೇಕು ಎನ್ನುತ್ತಾರೆ. ಹೋಗುತ್ತೇನೆ. ರುಬೀನಾಳನ್ನು ಕೇಳಿ ಒಪ್ಪಿಗೆ ಪಡೆದಿದ್ದೇನೆ. ಹೆಸರು ಹೇಳಬಹುದು ಎಂದಿದ್ದಾಳೆ. ಬೋರ್ಡಿನ ಮೇಲೆ ಎರಡೂ ಪದ್ಯಗಳನ್ನು ಬರೆದು, ಯಾವುದು ಯಾರದು, ಯಾವುದನ್ನು ಯಾರು ಒರೆಸಿಸಿದರು, ಆಮೇಲೆ ಏನಾಯಿತು ಎಂದು ಹೇಳುತ್ತೇನೆ. ಮೂರನೆಯ ಸಾಲನ್ನು ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ. ತಿದ್ದುವುದಿಲ್ಲ.